ಹಸೀ ಮೂರ್ತಿ, ಮಸಾಲಿ ಹಾಕಿದ ಮೂರ್ತಿ

ಫ್ರಾನ್ಸಿನ ಚಿತ್ರಕಾರ ಜಾಕ್ ಲೂಯಿ ದಾವಿದ್ ಅಂದಕೂಡ್ಲೆ ಎಲ್ಲಾರೂ ಆ ಗ್ವಾಡಿ ತುಂಬೋ ಪೇಂಟಿಂಗ್‌ಗಳ ಬಗ್ಗೆನ ಮಾತಾಡ್ತಾರ, ನನಗ ಮಾತ್ರ ಅವ ರೋಮ್‌ನ್ಯಾಗ ಇದ್ದಾಗ ಹಳೇ ಶಿಲ್ಪ ನೋಡಿ ಬರಕೊಂಡ ಸಣ್ಣ ಸಣ್ಣ ಹಾಳಿನ ಭಾಳ ಸೇರ್ತಾವ. ಪುಣ್ಯಾತ್ಮ, ಗೆದ್ದವರನ್ನ ರೋಮಿಗೆ ಕಲಿಯಾಕ ಕಳಸೋ ಪ್ರಿ ದ ರೋಮ್ ಬಹುಮಾನಕ್ಕ ಮ್ಯಾಲಿಂದ ಮ್ಯಾಲೆ ಸೋತು ಸೋತು ಕಡೀಕ 1774ರಾಗ ಗೆದ್ದ, ಮರು ವರ್ಷ ಗುರು ವಿಯೆನ್ ಜೋಡಿ ರೋಮಿಗೆ ಹೊಂಟ. ಹೊಂಡೂ ಮುಂದ ಆ ಹಳೇ ಶಿಲ್ಪದಾಗ ಜೀವಾನ ಇಲ್ಲ, ಅದು ನನ್ನನ್ನೇನ್ ಮರುಳು ಮಾಡ್ತದ ಅಂತ ಜಂಬ ಬ್ಯಾರೆ ಕೊಚ್ಚಿದ್ನಂತ! ಆಮ್ಯಾಲ ನೋಡಿದ್ರ 1780ರ ತನಕ ಅಲ್ಲೇ ಠಿಕಾಣಿ, ನಿಂತ ಮೂರ್ತಿ, ಕಲ್ಲಿನ ಶವಪೆಟ್ಟಿಗಿ ಮ್ಯಾಲಿನ ಉಬ್ಬು ಕೆತ್ತನಿ, ಸೀರಿ ನೆರಗಿ ಹಂಗ ಬೀಳೋ ಬಟ್ಟಿ ಮಡಿಕಿ, ಒಂದೂ ಬಿಡ್ಲಿಲ್ಲ. ಕರೀ ಚಾಕ್‌ನ್ಯಾಗ ಗೆರಿ, ಮ್ಯಾಲ ಪೆನ್ನು, ಅದರ ಮ್ಯಾಲ ತೆಳ್ಳಗ ಬೂದಿಬಣ್ಣದ ವಾಶ್ (ನೀರು ಬೆರಸಿದ ಬಣ್ಣ), ಅಷ್ಟ.

ಅದರಾಗ ಒಂದು ಹಾಳಿ ಐತಿ, ಅದನ್ನ ನಮ್ಮ ಡ್ರಾಯಿಂಗ್ ಹುಡುಗ್ರಿಗೆ ಜೂಮ್ ಮಾಡಿ ಮಾಡಿ ತೋರಿಸ್ತೀನಿ. ಒಂದು ತಲಿ ಮೂರ್ತಿ ಹೆಂಗೈತೋ ಹಂಗ, ಶಾಂತ, ತುಟಿ ಮುಚ್ಚೈತಿ. ಮಗ್ಗಲಾಗ ಅದೇ ತಲಿ ಇನ್ನೊಮ್ಮೆ, ಹುಬ್ಬು ಚೂರು ಗಂಟು, ಕೆನ್ನಿ ಎಲುಬು ಎದ್ದಾವ, ಬಾಯಿ ಒಂಚೂರು ತೆರದೈತಿ. ಮುಂದ ವಯಸ್ಸಾದ ಮ್ಯಾಲ ದಾವಿದ್ ತನ್ನ ಶಿಷ್ಯ ದೆಲೆಕ್ಲೂಜ್‌ಗೆ ಇದನ್ನ ತೋರಿಸಿ, ಮೊದಲಿಂದು ಹಸೀದು, ಮನಿಗೆ ಬಂದು ಅದಕ್ಕ ಈಗಿನ ಕಾಲದ ಮಸಾಲಿ ಹಾಕ್ತಿದ್ದೆ, ಎಕ್ಸ್‌ಪ್ರೆಶನ್ ಅಂತಿದ್ವಿ, ಈಗ ನನಗ ಅದು ಬರೇ ಮಾರಿ ಸೊಟ್ಟ ಮಾಡೋದು ಅನ್ನಿಸ್ತದ ಅಂತ ಹೇಳಿದ್ನಂತ.

ಇದನ್ನ ಓದಿದಾಗ ನನಗ ಥಟ್ಟನ ಹೊಳದದ್ದು ಕಾರಿನ ಹಿಂದಿನ ಗ್ಲಾಸಿನ ಮ್ಯಾಲಿರೋ ಆ ಸಿಟ್ಟಿನ ಹನುಮಪ್ಪನ ಸ್ಟಿಕ್ಕರ್! ನಮ್ಮ ಗಂಗಾವತಿ, ಆನೆಗೊಂದಿ ಕಡೆ ಬಂಡಿಗಲ್ಲಿನ ಮ್ಯಾಲ ಕೆತ್ತಿದ ಹನುಮಪ್ಪನ್ನ ನೋಡ್ರಿ, ಒಂದು ಕೈ ಮ್ಯಾಲೆತ್ತ್ಯಾನ, ಬಾಲ ತಲಿ ಮ್ಯಾಲ ಸುತ್ತಿ ಬಂದೈತಿ, ಸಿಂಧೂರ ಬಳದು ಬಳದು ಮಾರಿ ಗುರುತ ಸಿಗಂಗಿಲ್ಲ, ಆದ್ರೂ ಆ ಹೆಜ್ಜಿ ಕಿತ್ತಿಡೋ ಭಂಗಿಯೊಳಗ ಎಷ್ಟು ದಮ್ಮು ಐತಿ ಅಂತೀರಿ. ನಮ್ಮ ಹುಡುಗ್ರು ಎದುರಿಗೆ ಕುಂತು ಬರದ್ರೂ ಕೈ ತಾನಾಗಿ ಸ್ಟಿಕ್ಕರಿನ ಹುಬ್ಬನ್ನ ಹಾಕ್ತದ. ತಪ್ಪು ಅವರದಲ್ಲ ಬಿಡ್ರಿ, ದಿನಾ ಕಣ್ಣಿಗೆ ಬೀಳೋದು ಅದ.

ಇನ್ನ ದಾವಿದ್ ರೋಮ್‌ನ್ಯಾಗಿನ ಆ ಹಾಳಿಗಳನ್ನ ಸುಮ್ನ ಬರದು ಒಗೀಲಿಲ್ಲ, ಕತ್ತರಿಸಿ ದೊಡ್ಡ ಬುಕ್ಕಿಗೆ ಅಂಟಿಸಿ ಇಟಗೊಂಡಿದ್ದ, ಬೇಕಾದಾಗ ತೆಗದು ನೋಡಾಕ. 1789ರಾಗ ಅವ ಬರದ, ಹಳೇ ರೋಮ್‌ನ ನಾಯಕ ಬ್ರೂಟಸ್‌ನ ಪೇಂಟಿಂಗ್‌ನ್ಯಾಗಿನ ಮಾರಿ ರೋಮ್‌ನ ಕಂಚಿನ ತಲಿಯಿಂದ ಬಂದದ್ದು. 1825ರಾಗ ಅವ ಸತ್ತ ಮ್ಯಾಲ ಮಕ್ಳು ಆ ಬುಕ್ಕು ಬಿಚ್ಚಿ 12 ಆಲ್ಬಮ್ ಮಾಡಿ ಮಾರಾಕ ಇಟ್ರು, ಈಗ ಅವು ಬ್ಯಾರೆ ಬ್ಯಾರೆ ದೇಶದಾಗ ಹಂಚಿ ಹೋಗ್ಯಾವ.

ಒಬ್ಬ ಹುಡುಗ ಕೇಳಿದ, ಸರ ಹಂಗಾದ್ರ ಹುಬ್ಬು ಹಾಕೂದ ಬ್ಯಾಡೇನ್ರಿ ಅಂತ. ಹಾಕಪ್ಪ, ಆದ್ರ ಮೊದಲ ಹಸೀದು ಬರಿ, ಮಗ್ಗಲಾಗ ನಿಂದು ಬರಿ, ಎರಡೂ ಒಂದ ಹಾಳಿಯಾಗ ಇರ್ಲಿ, ರಬ್ಬರ್ ನನ್ನ ಕೈಯಾಗ ಕೊಡು ಅಂದೆ.