ಕಂಪನಿ ಕಾರು ಆರಿಸುವಾಗ ನಾಲ್ಕನೇ ವರ್ಷದ ತೆರಿಗೆಯನ್ನೂ ನೋಡಿ

ಇಂಗ್ಲೆಂಡಿನ ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ ಪೇರೋಲ್ ನೋಡಿಕೊಳ್ಳುತ್ತೇನೆ. ಸಂಬಳದ ಜೊತೆಗೆ ಕಂಪನಿ ಕಾರುಗಳ ತೆರಿಗೆ ಲೆಕ್ಕವೂ ನನ್ನ ಮೇಜಿಗೇ ಬರುತ್ತದೆ. ಬಡ್ತಿ ಸಿಕ್ಕು ಕಾರು ಆರಿಸುವ ಅವಕಾಶ ಬಂದವರೆಲ್ಲ ಮೊದಲು ಕೇಳುವುದು ಒಂದೇ: ತಿಂಗಳಿಗೆ ಎಷ್ಟು ಕಟ್ ಆಗುತ್ತೆ? ಈ ವರ್ಷದ ಅಂಕಿ ಹೇಳಿಬಿಟ್ಟರೆ ಅದು ಅರ್ಧ ಉತ್ತರ. ಲೀಸ್ ಮೂರು ನಾಲ್ಕು ವರ್ಷದ್ದು, ತೆರಿಗೆ ದರವೋ ಪ್ರತಿ ಏಪ್ರಿಲ್ 6ಕ್ಕೆ ಬದಲಾಗುತ್ತದೆ.

ಲೆಕ್ಕದ ಬುಡ ಸರಳ. ಸ್ವಂತಕ್ಕೂ ಓಡಿಸಬಹುದಾದ ಕಂಪನಿ ಕಾರು ನಿಮಗೆ ಸಿಕ್ಕ ಸವಲತ್ತು, ಅದಕ್ಕೊಂದು ಬೆಲೆ ಕಟ್ಟಿ ನಿಮ್ಮ ಆದಾಯಕ್ಕೆ ಸೇರಿಸುತ್ತಾರೆ. ಕಾರಿನ ಲಿಸ್ಟ್ ಬೆಲೆಯ ಇಂತಿಷ್ಟು ಶೇಕಡಾ ಎಂದು ಆ ಬೆಲೆ ನಿಗದಿಯಾಗುತ್ತದೆ. ಶೇಕಡಾವನ್ನು ತೀರ್ಮಾನಿಸುವುದು ಕಾರು ಕಿಲೋಮೀಟರಿಗೆ ಉಗುಳುವ ಕಾರ್ಬನ್ ಡೈಆಕ್ಸೈಡ್ ಗ್ರಾಂ ಲೆಕ್ಕ. ನಮ್ಮ ದೇಶದಲ್ಲಿ 1962ರ ಆದಾಯ ತೆರಿಗೆ ನಿಯಮಗಳು ಇಂಜಿನ್ ಗಾತ್ರ ನೋಡುತ್ತಿದ್ದವು. ಕಚೇರಿಗೂ ಮನೆಗೂ ಬಳಸುವ ಕಾರಿನ ಖರ್ಚನ್ನು ಕಂಪನಿಯೇ ಹೊತ್ತರೆ, 1.6 ಲೀಟರ್ ಒಳಗಿನದಕ್ಕೆ ಸವಲತ್ತಿನ ಬೆಲೆ ತಿಂಗಳಿಗೆ 1,800 ರೂಪಾಯಿ, ಮೇಲಿನದಕ್ಕೆ 2,400. ಅದನ್ನೇ ತಲೆಯಲ್ಲಿಟ್ಟುಕೊಂಡು ಬಂದವರಿಗೆ ಇಲ್ಲಿನ ಅಂಕಿ ನೋಡಿದಾಗ ಗಾಬರಿಯಾಗುತ್ತದೆ. 40,000 ಪೌಂಡಿನ ಪೆಟ್ರೋಲ್ ಕಾರು 155 ಗ್ರಾಂ ಮುಟ್ಟಿದರೆ 2025-26ರಲ್ಲಿ ದರ ಶೇ. 37. ಅಂದರೆ 14,800 ಪೌಂಡ್ ನಿಮ್ಮ ಆದಾಯಕ್ಕೆ ಸೇರುತ್ತದೆ. ಶೇ. 40ರ ಸ್ಲ್ಯಾಬಿನಲ್ಲಿರುವವರಿಗೆ ವರ್ಷಕ್ಕೆ 5,920 ಪೌಂಡ್ ತೆರಿಗೆ. ಅದೇ ಬೆಲೆಯ ಪೂರ್ತಿ ಎಲೆಕ್ಟ್ರಿಕ್ ಕಾರಿಗೆ ದರ ಶೇ. 3, ತೆರಿಗೆ 480 ಪೌಂಡ್.

ಲಿಸ್ಟ್ ಬೆಲೆ ಅಂದೆನಲ್ಲ, ಡೀಲರ್ ಕೊಟ್ಟ ಡಿಸ್ಕೌಂಟಿಗೆ ಇಲ್ಲಿ ಬೆಲೆಯಿಲ್ಲ. ವ್ಯಾಟ್, ಡೆಲಿವರಿ ಖರ್ಚು, ನೀವು ಹಾಕಿಸಿಕೊಂಡ ಎಕ್ಸ್‌ಟ್ರಾಗಳು ಎಲ್ಲ ಸೇರಿದ ಮೊತ್ತ ಅದು. ದೊಡ್ಡ ಚಕ್ರ, ಗಾಜಿನ ಛಾವಣಿ ಹಾಕಿಸಿದರೆ ಬೆಲೆಯಷ್ಟೇ ಅಲ್ಲ, ಗ್ರಾಂ ಲೆಕ್ಕವೂ ಏರಬಹುದು. ಹಾಗಾಗಿ ಆರ್ಡರ್ ಪಕ್ಕಾ ಆಗುವ ಮೊದಲು, ಎಕ್ಸ್‌ಟ್ರಾ ಎಲ್ಲ ಸೇರಿಸಿದ ಮೇಲಿನ ಅಂಕಿಗಳನ್ನೇ ನಾನು ಕೇಳುವುದು.

ತಲೆ ಕೆಡಿಸುವುದು ಪ್ಲಗ್-ಇನ್ ಹೈಬ್ರಿಡ್, ಅಂದರೆ ಇಂಜಿನ್ನೂ ಪ್ಲಗ್ ಹಾಕಿ ಚಾರ್ಜ್ ಮಾಡುವ ಬ್ಯಾಟರಿಯೂ ಎರಡೂ ಇರುವ ಕಾರು. 1ರಿಂದ 50 ಗ್ರಾಂ ಒಳಗಿನ ಕಾರುಗಳಿಗೆ ಬ್ಯಾಟರಿಯಲ್ಲೇ ಎಷ್ಟು ಮೈಲಿ ಓಡುತ್ತದೆ ಎನ್ನುವುದರ ಮೇಲೆ ದರ. 2025-26ರಲ್ಲಿ 40ರಿಂದ 69 ಮೈಲಿಗೆ ಶೇ. 9, 30ರಿಂದ 39ಕ್ಕೆ ಶೇ. 13, 30ಕ್ಕಿಂತ ಕಡಿಮೆಯಾದರೆ ಶೇ. 15. ಇದು ತಯಾರಕರ ಪ್ರಮಾಣಪತ್ರದಲ್ಲಿರುವ ಮೈಲಿ. ಜನವರಿಯ ಚಳಿಯಲ್ಲಿ ಮೋಟರ್‌ವೇ ಮೇಲೆ ನಿಮಗೆ ಎಷ್ಟು ಸಿಕ್ಕಿತು ಎನ್ನುವುದು ಲೆಕ್ಕಕ್ಕಿಲ್ಲ. ಒಂದು ಕಾರಿಗೆ 38, ಇನ್ನೊಂದಕ್ಕೆ 41 ಮೈಲಿ ಅಂತಿದ್ದರೆ ಓಡಿಸುವವರಿಗೆ ವ್ಯತ್ಯಾಸ ಗೊತ್ತೂ ಆಗುವುದಿಲ್ಲ, ಪೇಸ್ಲಿಪ್ಪಿನಲ್ಲಿ ಗೊತ್ತಾಗುತ್ತದೆ.

ನಮ್ಮ ಸೇಲ್ಸ್ ತಂಡದಲ್ಲಿ ದಾವಣಗೆರೆ ಕಡೆಯ ಹುಡುಗನೊಬ್ಬ ಇದ್ದಾನೆ. ಹೈಬ್ರಿಡ್ ಎಸ್‌ಯುವಿಯ ಕೊಟೇಶನ್ ಹಿಡಿದುಕೊಂಡು ಬಂದ. “ಅಕ್ಕಾ, ಫ್ಲಾಟಲ್ಲಿ ಚಾರ್ಜರ್ ಹಾಕಿಸೋಕೆ ಜಾಗ ಇಲ್ಲ. ಹೈಬ್ರಿಡ್ ಆದ್ರೆ ಎರಡೂ ಆಯ್ತಲ್ವಾ? ತೆರಿಗೆನೂ ಕಡಿಮೆ ಅಂತಾರೆ.” ಕೊಟೇಶನ್ ನಾಲ್ಕು ವರ್ಷದ್ದು. ಕೂತು ವರ್ಷ ವರ್ಷದ ಲೆಕ್ಕ ಬರೆದೆವು. ಆ ಕಾರಿಗೆ ಶೇ. 9, ಆಮೇಲೆ 10, 11. 2028-29ಕ್ಕೆ ಒಮ್ಮೆಗೇ 18. ಆ ವರ್ಷದಿಂದ ಮೈಲಿ ಲೆಕ್ಕವೇ ಹೋಗಿ, 1ರಿಂದ 50 ಗ್ರಾಂ ಕಾರುಗಳಿಗೆಲ್ಲ ಒಂದೇ ದರ. 40,000 ಪೌಂಡಿನ ಕಾರಿಗೆ, ಶೇ. 40ರ ಸ್ಲ್ಯಾಬಿನಲ್ಲಿ, ನಾಲ್ಕು ವರ್ಷಕ್ಕೆ 7,680 ಪೌಂಡ್. ಅದರಲ್ಲಿ ಕೊನೆಯ ವರ್ಷದ್ದೇ 2,880. ಎಲೆಕ್ಟ್ರಿಕ್ ಕಾರಿನ ದರವೂ 3, 4, 5, 7 ಎಂದು ಏರುತ್ತದೆ, ಆದರೂ ನಾಲ್ಕು ವರ್ಷಕ್ಕೆ 3,040 ಪೌಂಡ್.

ಇಷ್ಟಾದರೂ “ಎಲೆಕ್ಟ್ರಿಕ್ಕೇ ತಗೋ” ಅಂತ ನಾನು ಹೇಳಲಿಲ್ಲ. ಮನೆಯ ಕರೆಂಟಿಗೆ ವ್ಯಾಟ್ ಶೇ. 5, ರಸ್ತೆ ಬದಿಯ ಚಾರ್ಜರಿಗೆ ಶೇ. 20, ಅದರ ಮೂಲ ದರವೂ ಜಾಸ್ತಿ. ವಾರಕ್ಕೆ ಮೂರು ದಿನ ಗಿರಾಕಿಗಳನ್ನು ನೋಡಲು ಓಡಾಡುವವನಿಗೆ ಚಾರ್ಜರ್ ಹುಡುಕುವ ಸಮಯವೂ ಖರ್ಚೇ. ಅವನ ಕಷ್ಟ ನಿಜವಾದದ್ದು. ಲೀಸನ್ನು ಮೂರು ವರ್ಷಕ್ಕೆ ಇಳಿಸಿದರೆ ಶೇ. 18ರ ವರ್ಷ ಬರುವ ಹೊತ್ತಿಗೆ ಕಾರು ವಾಪಸ್ ಹೋಗಿರುತ್ತದೆ. ತಿಂಗಳ ಬಾಡಿಗೆ ಸ್ವಲ್ಪ ಏರಿತು, ಆದರೂ ಅವನು ಅದನ್ನೇ ಆರಿಸಿದ. ನನಗೂ ಅದೇ ಸರಿ ಅನ್ನಿಸಿತು.

ಅವನಿಗೆ ಬೇಡವೇ ಬೇಡ ಅಂತ ಗಟ್ಟಿಯಾಗಿ ಹೇಳಿದ್ದು ಕಂಪನಿ ಪೆಟ್ರೋಲ್ ಕಾರ್ಡ್. ಸ್ವಂತ ಓಡಾಟದ ಪೆಟ್ರೋಲನ್ನೂ ಕಂಪನಿ ಹಾಕಿಸಿದರೆ ಅದಕ್ಕೆ ಬೇರೆ ತೆರಿಗೆ. 2025-26ರಲ್ಲಿ 28,200 ಪೌಂಡಿಗೆ ಕಾರಿನ ಶೇಕಡಾ ಹಾಕುತ್ತಾರೆ. ಶೇ. 9 ಅಂದರೂ 2,538, ಅದರ ಮೇಲೆ ತೆರಿಗೆ ಸಾವಿರ ಪೌಂಡ್ ಚಿಲ್ಲರೆ. ಸ್ವಂತಕ್ಕೆ ಒಂದೇ ಸಲ ಟ್ಯಾಂಕ್ ತುಂಬಿಸಿದರೂ, ವರ್ಷವಿಡೀ ತುಂಬಿಸಿದರೂ ಮೊತ್ತ ಅಷ್ಟೇ. ಕರೆಂಟನ್ನು ಈ ನಿಯಮ ಇಂಧನ ಎಂದು ಎಣಿಸುವುದಿಲ್ಲ. ಕಂಪನಿಯ ಎಲೆಕ್ಟ್ರಿಕ್ ಕಾರಿಗೆ ಮನೆಯಲ್ಲಿ ಮಾಡಿದ ಚಾರ್ಜಿನ ಹಣವನ್ನು ಕಂಪನಿ ಕೊಟ್ಟರೆ ಅದಕ್ಕೆ ಪ್ರತ್ಯೇಕ ತೆರಿಗೆ ಇಲ್ಲವೆಂದು 2023ರಲ್ಲಿ ತೆರಿಗೆ ಇಲಾಖೆಯೇ ಒಪ್ಪಿದೆ.

ಸ್ಯಾಲರಿ ಸ್ಯಾಕ್ರಿಫೈಸ್ ಮೂಲಕ, ಅಂದರೆ ಸಂಬಳದ ಒಂದು ಭಾಗ ಬಿಟ್ಟುಕೊಟ್ಟು ಅದರ ಬದಲಿಗೆ, ಕಾರು ಪಡೆಯುವವರಿಗೆ ಇನ್ನೊಂದು ಗೆರೆ ಮುಖ್ಯ: 75 ಗ್ರಾಂ. ಅದರೊಳಗಿದ್ದರೆ ಮೇಲೆ ಹೇಳಿದ ಲೆಕ್ಕವೇ. ದಾಟಿದರೆ ಬಿಟ್ಟುಕೊಟ್ಟ ಸಂಬಳ, ಕಾರಿನ ಸವಲತ್ತಿನ ಬೆಲೆ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ತೆರಿಗೆ.

ಚಿಕ್ಕ ಮಕ್ಕಳಿರುವ ನಮ್ಮವರಿಗೆ ಇದನ್ನು ನಾನು ಬಿಡಿಸಿ ಬಿಡಿಸಿ ಹೇಳುತ್ತೇನೆ. ತಂದೆ ತಾಯಿಯಲ್ಲಿ ಒಬ್ಬರ ಆದಾಯ 1,00,000 ಪೌಂಡ್ ದಾಟಿದರೂ ಇಂಗ್ಲೆಂಡಿನಲ್ಲಿ ದುಡಿಯುವ ಪೋಷಕರಿಗೆ ಸಿಗುವ ವಾರಕ್ಕೆ 30 ಗಂಟೆಯ ಉಚಿತ ಶಿಶುಪಾಲನೆ ಹೋಗುತ್ತದೆ. 1,06,000 ಸಂಬಳದವರು ವರ್ಷಕ್ಕೆ 8,000 ಬಿಟ್ಟುಕೊಟ್ಟರೆ 98,000 ಆಯಿತು, ಬಚಾವಾದೆವು ಅಂದುಕೊಳ್ಳುತ್ತಾರೆ. ಕಾರಿನ ಸವಲತ್ತಿನ ಬೆಲೆಯೂ ಆದಾಯವೇ. 40,000 ಪೌಂಡಿನ ಎಲೆಕ್ಟ್ರಿಕ್ ಕಾರಾದರೆ 1,200 ಸೇರಿ 99,200, ಗೆರೆಯೊಳಗೆ. ಶೇ. 9ರ ಹೈಬ್ರಿಡ್ ಆದರೆ 1,01,600, ಗೆರೆಯಾಚೆ. ಸಂಬಳ ಅಷ್ಟೇ ಇದ್ದರೂ 2028-29ರ ಶೇ. 7ರಲ್ಲಿ ಎಲೆಕ್ಟ್ರಿಕ್ ಕಾರಿನವರೂ 1,00,800ಕ್ಕೆ ಬಂದು ನಿಲ್ಲುತ್ತಾರೆ. ನರ್ಸರಿ ಫೀಸಿನ ಮುಂದೆ ಕಾರಿನ ತೆರಿಗೆ ಏನೂ ಅಲ್ಲ. ಪೆನ್ಶನ್‌ಗೆ ಇನ್ನಷ್ಟು ಹಾಕಿ ಆದಾಯ ತಗ್ಗಿಸಬಹುದು, ಆದರೆ ಅದನ್ನು ಆ ವರ್ಷ ಮುಗಿಯುವ ಮೊದಲೇ ಮಾಡಬೇಕು.

ಸ್ಕಾಟ್ಲೆಂಡಿನಲ್ಲಿ ಇರುವವರು ಶೇ. 40ರ ಜಾಗದಲ್ಲಿ 42, ಆದಾಯ 75,000 ಪೌಂಡ್ ದಾಟಿದ್ದರೆ 45 ಹಾಕಿಕೊಳ್ಳಿ. ಕಂಪನಿಯೂ ಅದೇ ಸವಲತ್ತಿನ ಬೆಲೆಯ ಮೇಲೆ ಶೇ. 15 ನ್ಯಾಷನಲ್ ಇನ್ಶೂರೆನ್ಸ್ (ಸರ್ಕಾರದ ಸಾಮಾಜಿಕ ಭದ್ರತೆಯ ವಂತಿಗೆ) ಕಟ್ಟುತ್ತದೆ. ಫೈನಾನ್ಸಿನವರು ಎಲೆಕ್ಟ್ರಿಕ್ ಕಡೆ ವಾಲುವುದಕ್ಕೆ ಅದೂ ಒಂದು ಕಾರಣ.

ಕಾರು ಕೈಗೆ ಬಂದ ಮೇಲೆ ತೆರಿಗೆ ಇಲಾಖೆಗೆ ಹೋದ ವಿವರಗಳ ಪ್ರತಿಯನ್ನು ಪೇರೋಲ್‌ನವರಿಂದ ಕೇಳಿ ಪಡೆಯಿರಿ. ಲಿಸ್ಟ್ ಬೆಲೆ, ಗ್ರಾಂ, ಬ್ಯಾಟರಿ ಮೈಲಿ, ಕಾರು ಸಿಕ್ಕ ತಾರೀಖು, ಈ ನಾಲ್ಕನ್ನೂ ಕಾರಿನ ಕಾಗದದ ಜೊತೆ ತಾಳೆ ಹಾಕಿ. ಹೈಬ್ರಿಡ್‌ನ ಮೈಲಿಯ ಜಾಗದಲ್ಲಿ ಸೊನ್ನೆ ಬಿದ್ದಿದ್ದರೆ ಶೇ. 9 ಇರಬೇಕಾದದ್ದು 15 ಆಗಿ, ಸಂಬಳದಿಂದ ಎಷ್ಟು ತೆರಿಗೆ ಹಿಡಿಯಬೇಕೆಂದು ಹೇಳುವ ನಿಮ್ಮ ಟ್ಯಾಕ್ಸ್ ಕೋಡ್ ಬದಲಾಗಿ, ಮುಂದಿನ ತಿಂಗಳಿಂದಲೇ ಕಟ್ ಆಗತೊಡಗುತ್ತದೆ.