ಐದನೇ ಗೇರ್ ಹುಡುಕಿಕೊಂಡು ಹೋದ ಕಥೆ

ಹೋದ ವರ್ಷ ಚಳಿಗಾಲದಲ್ಲಿ ಕೊಲೊರಾಡೊದ ಡೆನ್ವರ್‌ನಿಂದ ನಮ್ಮೂರು ಫೋರ್ಟ್ ಕಾಲಿನ್ಸ್‌ಗೆ ವಾಪಸ್ ಬರುತ್ತಿದ್ದೆವು. ಪಕ್ಕದಲ್ಲಿದ್ದ ಹೆಂಡತಿ ಏನೋ ಹೇಳಿದಳು. ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. ಆಗಲೂ ಕೇಳಿಸಲಿಲ್ಲ. ಮೂರನೇ ಸಲ ಕಿವಿಯ ಹತ್ತಿರ ಬಗ್ಗಿ ಕೂಗಿದಳು: "ರೀ, ಇದು ಗಾಡಿನೋ, ಹಿಟ್ಟಿನ ಗಿರಣಿನೋ?"

ಗಾಡಿ ಅಂದರೆ ನನ್ನ 1977ರ ಶೆವ್ರೊಲೆ ಕೆ20. ಮುಕ್ಕಾಲು ಟನ್ನಿನ ಫೋರ್ ವೀಲ್ ಡ್ರೈವ್ ಪಿಕಪ್. 350 ಕ್ಯೂಬಿಕ್ ಇಂಚಿನ ವಿ8, ಅಂದರೆ 5.7 ಲೀಟರ್. ನಾಲ್ಕು ಗೇರಿನ ಎಸ್‌ಎಂ465 ಗೇರ್‌ಬಾಕ್ಸ್, ಅದರ ಹಿಂದೆ ಶಕ್ತಿಯನ್ನು ಹಿಂದಿನ, ಮುಂದಿನ ಚಕ್ರಗಳಿಗೆ ಹಂಚುವ ಎನ್‌ಪಿ205 ಟ್ರಾನ್ಸ್‌ಫರ್ ಕೇಸ್. ಎರಡೂ ಬೀಡು ಕಬ್ಬಿಣ. ಎರಡಕ್ಕೂ ಸಾವಿಲ್ಲ. ಬೇಸಿಗೆಯಲ್ಲಿ ಫಾರೆಸ್ಟ್ ಸರ್ವೀಸ್‌ನ ಪರ್ಮಿಟ್ ತಗೊಂಡು ರೆಡ್ ಫೆದರ್ ಲೇಕ್ಸ್ ಕಡೆಯಿಂದ ಸೌದೆ ತರುತ್ತೇನೆ. ಅಲ್ಲಿ ದುಂಬಿ ಹೊಡೆದು ಒಣಗಿ ನಿಂತ ಪೈನ್ ಮರಗಳು ಬೇಕಾದಷ್ಟಿವೆ. ಆ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಗಾಡಿ ಬೇಡ. ಹೈವೇಗೆ ಬಂದರೆ ಮಾತ್ರ ಗಿರಣಿ.

ಯಾಕೆ ಹೀಗೆ ಅಂತ ಒಂದು ಭಾನುವಾರ ಕೂತು ಲೆಕ್ಕ ಹಾಕಿದೆ. ನನ್ನ ಗಾಡಿಯ ಕ್ರೌನ್ ಪಿನಿಯನ್, ಅಂದರೆ ಆಕ್ಸಲ್ಲಿನ ಒಳಗಿನ ಕೊನೆಯ ಗೇರ್, 4.10: ಶಾಫ್ಟ್ 4.10 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಟೈರು 235/85 ಆರ್16, ಎತ್ತರ ಹತ್ತಿರ ಹತ್ತಿರ 31.7 ಇಂಚು. ಟಾಪ್ ಗೇರ್ ನೇರ, ಅಂದರೆ 1.00: ಇಂಜಿನ್ ಒಂದು ಸುತ್ತಿಗೆ ಶಾಫ್ಟೂ ಒಂದೇ ಸುತ್ತು. ಗಂಟೆಗೆ 55 ಮೈಲಿಯಲ್ಲಿ ಇಂಜಿನ್ ನಿಮಿಷಕ್ಕೆ ಸುಮಾರು 2,390 ಸುತ್ತು ತಿರುಗುತ್ತದೆ. 65ರಲ್ಲಿ 2,825. ಐ-25 ಹೈವೇಯಲ್ಲಿ ಎಲ್ಲರೂ ಹೋಗುವ 75ಕ್ಕೆ ಏರಿಸಿದರೆ 3,260 ಹತ್ತಿರ. ಈ ಗಾಡಿ ಕಾರ್ಖಾನೆಯಿಂದ ಹೊರಬಂದಾಗ ಇಡೀ ದೇಶದಲ್ಲಿ 55 ಮೈಲಿಯ ಮಿತಿ ಇತ್ತು. 1974ರಲ್ಲಿ ಪೆಟ್ರೋಲ್ ಉಳಿಸಲು ತಂದ ಕಾನೂನು ಅದು, 1995ರಲ್ಲಿ ಪೂರ್ತಿ ಹೋಯಿತು. ಕಾನೂನು ಹೋಯಿತು, ನನ್ನ ಗೇರ್‌ಬಾಕ್ಸಿಗೆ ಯಾರೂ ಹೇಳಲಿಲ್ಲ.

ಓವರ್‌ಡ್ರೈವ್ ಅಂದರೆ ಇಷ್ಟೇ: ಇಂಜಿನ್ ಒಂದು ಸುತ್ತು ತಿರುಗುವ ಮುಂಚೆಯೇ ಹಿಂದಿನ ಶಾಫ್ಟ್ ಒಂದು ಸುತ್ತು ಮುಗಿಸಿರುತ್ತದೆ. 0.73ರ ಐದನೇ ಗೇರ್ ಇದ್ದರೆ 75ರಲ್ಲಿ ಇಂಜಿನ್ ಸುತ್ತು 2,380. ಹಳೇ ಟಾಪ್ ಗೇರಿನಲ್ಲಿ 55ಕ್ಕೆ ಇದ್ದದ್ದೂ ಹೆಚ್ಚುಕಡಿಮೆ ಅದೇ, ನೋಡಿ. ಈ ಎರಡು ಅಂಕಿ ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಬಂದ ದಿನವೇ ನನಗೆ ಹುಚ್ಚು ಹಿಡಿಯಿತು.

ನಮ್ಮ ಬೀದಿಯಲ್ಲಿ ರಿಟೈರ್ ಆದ ಒಬ್ಬ ಲಾರಿ ಮೆಕ್ಯಾನಿಕ್ ಇದ್ದಾರೆ. ಅವರ ಹತ್ತಿರ ಹೋಗಿ, ಯಾವ ಓವರ್‌ಡ್ರೈವ್ ಹಾಕಲಿ ಅಂತ ಕೇಳಿದೆ. ಉತ್ತರ ಕೊಡಲಿಲ್ಲ. ಎರಡು ತಿಂಗಳು ಎಲ್ಲೆಲ್ಲಿ ಎಷ್ಟು ಓಡಿಸ್ತೀಯ ಬರೆದುಕೊಂಡು ಬಾ ಅಂದರು. ಡಾಕ್ಟರು ಶುಗರ್ ಬರೆದುಕೊಂಡು ಬನ್ನಿ ಅಂದ ಹಾಗೆ. ಗ್ಲವ್ ಬಾಕ್ಸಿನಲ್ಲಿ ಒಂದು ನೋಟ್‌ಬುಕ್ ಇಟ್ಟೆ. ಎರಡು ತಿಂಗಳಿಗೆ 940 ಮೈಲಿ. ಅದರಲ್ಲಿ 560 ಹೈವೇ. 300 ಪೂಡರ್ ಕಣಿವೆಯ ರಸ್ತೆ. ಉಳಿದದ್ದು ಊರು, ಕಾಡು.

ಆಗ ಹೆಂಡತಿ ಇನ್ನೊಂದು ಲೆಕ್ಕ ಹಾಕಿದಳು. ವರ್ಷಕ್ಕೆ ಹೆಚ್ಚೆಂದರೆ 6,000 ಮೈಲಿ. ಈಗ ಗ್ಯಾಲನ್ನಿಗೆ 11 ಮೈಲಿ ಬರುತ್ತಿದೆ. ಓವರ್‌ಡ್ರೈವ್ ಹಾಕಿ 13 ಬಂದರೂ ಉಳಿಯುವುದು ವರ್ಷಕ್ಕೆ 84 ಗ್ಯಾಲನ್. ಮೂರು ಡಾಲರ್ ಲೆಕ್ಕದಲ್ಲಿ 252 ಡಾಲರ್. "ಇದಕ್ಕೆ ನಾಲ್ಕು ಸಾವಿರ ಹಾಕ್ತೀರಾ? ಹದಿನಾರು ವರ್ಷ ಬೇಕು ವಾಪಸ್ ಬರೋಕೆ." ಸರಿಯಾದ ಮಾತು. ಪೆಟ್ರೋಲ್ ಉಳಿಯುತ್ತೆ ಅಂತ ಓವರ್‌ಡ್ರೈವ್ ಹಾಕಿಸುವವರು ಒಮ್ಮೆ ಈ ಭಾಗಾಕಾರ ಮಾಡಿ ನೋಡಬೇಕು. ನಾನು ಹಾಕಿಸಿದ್ದು ಕಿವಿಗೆ. ಅದನ್ನು ಒಪ್ಪಿಕೊಳ್ಳಲು ನನಗೆ ಮೂರು ವಾರ ಬೇಕಾಯಿತು.

ದಾರಿಗಳು ನಾಲ್ಕು ಕಂಡವು. ಮೊದಲನೆಯದು ಕ್ರೌನ್ ಪಿನಿಯನ್ ಬದಲಾಯಿಸುವುದು. 4.10 ತೆಗೆದು 3.73 ಹಾಕಿದರೆ 65ರಲ್ಲಿ 2,570. ಫೋರ್ ವೀಲ್ ಡ್ರೈವ್ ಆದ್ದರಿಂದ ಹಿಂದೆ ಮುಂದೆ ಎರಡೂ ಒಂದೇ ಅಳತೆ ಇರಬೇಕು. ಖರ್ಚು ಎರಡು ಪಟ್ಟು, ಉಪಯೋಗ ಅರ್ಧ, ಮೇಲೆ ಏರಿನಲ್ಲಿ ಎಳೆತ ಕಡಿಮೆ. ಅಲ್ಲಿಗೇ ಬಿಟ್ಟೆ.

ಎರಡನೆಯದು ಗೇರ್ ವೆಂಡರ್ಸ್ ಓವರ್‌ಡ್ರೈವ್. ಇಂಗ್ಲೆಂಡಿನ ಲೇಕಾಕ್ ಡಿ ನಾರ್ಮನ್‌ವಿಲ್ ಓವರ್‌ಡ್ರೈವ್ ವಂಶದ್ದು. 0.78 ಅನುಪಾತ. ಗೇರ್‌ಬಾಕ್ಸ್ ಬಿಚ್ಚುವುದೇ ಬೇಡ, ಹಿಂದಿನ ಶಾಫ್ಟ್ ಕತ್ತರಿಸಿ ಗಿಡ್ಡ ಮಾಡಿಸಿದರೆ ಸಾಕು. ನನಗೆ ತುಂಬಾ ಹಿಡಿಸಿತ್ತು. ಆದರೆ ನನ್ನಂಥ ಗಾಡಿಯಲ್ಲಿ ಅದು ಕೂರುವುದು ಟ್ರಾನ್ಸ್‌ಫರ್ ಕೇಸಿನ ಹಿಂದೆ. ಅಂದರೆ ಹಿಂದಿನ ಚಕ್ರಗಳಿಗೆ ಮಾತ್ರ ಓವರ್‌ಡ್ರೈವ್. ಫೋರ್ ವೀಲ್ ಹಾಕಿದಾಗ ಅದು ಆನ್ ಆದರೆ ಹಿಂದಿನ ಶಾಫ್ಟ್ ಒಂದು ವೇಗ, ಮುಂದಿನದು ಇನ್ನೊಂದು ವೇಗ. ಯಾವುದೋ ಒಂದು ಮುರಿಯಲೇಬೇಕು. ಎಚ್ಚರ ಇದ್ದರೆ ತೊಂದರೆ ಇಲ್ಲ ಅನ್ನುತ್ತಾರೆ. ಹಿಮ ಬೀಳುವ ರಾತ್ರಿ, ಕೈ ಮರಗಟ್ಟಿರುವಾಗ, ನನ್ನ ಎಚ್ಚರದ ಮೇಲೆ ನನಗೇ ಅಷ್ಟು ನಂಬಿಕೆ ಇಲ್ಲ.

ಮೂರನೆಯದು ಆಟೋಮ್ಯಾಟಿಕ್, 700ಆರ್4. 1982ರಿಂದ ಜಿಎಂ ಗಾಡಿಗಳಲ್ಲಿ ಬಂದದ್ದು. ನಾಲ್ಕನೇ ಗೇರ್ 0.70, ಅಂದರೆ ಹೈವೇಯಲ್ಲಿ ಎಲ್ಲಕ್ಕಿಂತ ಶಾಂತ. ಬೇಕಾದಷ್ಟು ಸಿಗುತ್ತವೆ. ಹೆಂಡತಿಯ ಓಟು ಇದಕ್ಕೇ. ನಮ್ಮ ಬೀದಿಯ ಹಿರಿಯರು ಮಾತ್ರ ಒಂದೇ ಮಾತು ಹೇಳಿದರು: "ಆ ಕೇಬಲ್!" ಕಾರ್ಬುರೇಟರ್‌ನಿಂದ ಈ ಗೇರ್‌ಬಾಕ್ಸಿಗೆ ಒಂದು ಕೇಬಲ್ ಹೋಗುತ್ತದೆ. ಎಷ್ಟು ಆಕ್ಸಿಲರೇಟರ್ ಒತ್ತಿದ್ದೀರಿ ಅಂತ ಅದರಿಂದಲೇ ಗೇರ್‌ಬಾಕ್ಸಿಗೆ ಗೊತ್ತಾಗುವುದು, ಅದಕ್ಕೆ ತಕ್ಕಂತೆ ಒಳಗಿನ ಆಯಿಲ್ ಪ್ರೆಷರ್ ಏರುವುದು. ಕೇಬಲ್ ಸಡಿಲ ಇದ್ದರೆ ಪ್ರೆಷರ್ ಸಾಲದೆ ಕ್ಲಚ್ ಪ್ಲೇಟುಗಳು ಜಾರಿ ಸುಟ್ಟುಹೋಗುತ್ತವೆ. ಹೊಸದಾಗಿ ಕಟ್ಟಿಸಿದ ಗೇರ್‌ಬಾಕ್ಸ್ ಕೂಡ ಒಂದೇ ಸುತ್ತಿನಲ್ಲಿ ಹಾಳಾಗಬಹುದು. ಹಳೇ ಕಾರ್ಬುರೇಟರ್‌ಗೆ ಸರಿಯಾದ ಬ್ರಾಕೆಟ್ ಹಾಕಿ ಹೊಂದಿಸಿದರೆ ಚೆನ್ನಾಗಿಯೇ ನಡೆಯುತ್ತದೆ, ನಿಜ.

ಆದರೆ ನಾನು ಬೇಡ ಅಂದದ್ದು ಕೇಬಲ್ಲಿಗೆ ಹೆದರಿ ಅಲ್ಲ. ಮೊದಲನೇ ಗೇರ್ ನೋಡಿ.

ಎಸ್‌ಎಂ465ರ ಮೊದಲನೇ ಗೇರ್ 6.55. ಟ್ರಾನ್ಸ್‌ಫರ್ ಕೇಸಿನ ಲೋ ಗೇರ್ 1.96. ಕ್ರೌನ್ ಪಿನಿಯನ್ 4.10. ಮೂರನ್ನೂ ಗುಣಿಸಿದರೆ 52 ದಾಟುತ್ತದೆ. ಇಂಜಿನ್ 52 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಸೌದೆ ತುಂಬಿದ ಗಾಡಿ ಕಲ್ಲಿನ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ, ಬಸುರಿ ಎಮ್ಮೆಯ ಹಾಗೆ ಇಳಿಯುತ್ತದೆ. 700ಆರ್4ರ ಮೊದಲನೇ ಗೇರ್ 3.06. ಅದೇ ಗುಣಾಕಾರ 25ಕ್ಕೂ ಮುಟ್ಟುವುದಿಲ್ಲ. ಏರುವಾಗ ಟಾರ್ಕ್ ಕನ್ವರ್ಟರ್ ಸಹಾಯ ಮಾಡುತ್ತದೆ. ಇಳಿಯುವಾಗ ಯಾರು ಹಿಡಿಯುತ್ತಾರೆ?

ನಮ್ಮಪ್ಪ ಮೂಡಿಗೆರೆ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಅಲ್ಲಿದ್ದದ್ದು ಮೂರು ಗೇರಿನ ಹಳೇ ಜೀಪು. ಮಳೆಗಾಲದಲ್ಲಿ ತೋಟದಿಂದ ಕೆಳಗೆ ಬರುವಾಗ ಡ್ರೈವರ್ ಬ್ರೇಕ್ ಮೇಲೆ ಕಾಲೇ ಇಡುತ್ತಿರಲಿಲ್ಲ. ಕೆಸರಿನಲ್ಲಿ ಬ್ರೇಕ್ ಹಿಡಿದರೆ ಚಕ್ರ ನಿಲ್ಲುತ್ತೆ, ಗಾಡಿ ನಿಲ್ಲಲ್ಲ ಮರಿ ಅನ್ನುತ್ತಿದ್ದ. ಆ ಜೀಪಿನ ಮೊದಲನೇ ಗೇರಿಗೆ ಸಿಂಕ್ರೊ, ಅಂದರೆ ಗೇರ್ ಬೀಳುವ ಮುಂಚೆ ವೇಗ ತಾನೇ ಹೊಂದಿಸುವ ಉಂಗುರ, ಇರಲಿಲ್ಲ. ಡಬಲ್ ಕ್ಲಚ್ ಹೊಡೆಯಲು ನಾನು ಕಲಿತದ್ದು ಅಲ್ಲಿಯೇ, ಅವನ ಬೈಗುಳ ತಿಂದು. ಮೂವತ್ತು ವರ್ಷದ ಮೇಲೆ ಕೊಲೊರಾಡೊದಲ್ಲಿ ಎಸ್‌ಎಂ465ಕ್ಕೂ ಅದೇ ವಿದ್ಯೆ ಬೇಕಾಯಿತು. ಅದರ ಮೊದಲನೇ ಗೇರಿಗೂ ಸಿಂಕ್ರೊ ಇಲ್ಲ.

ಹಾಗಾಗಿ ಉಳಿದದ್ದು ನಾಲ್ಕನೆಯದು: ಎನ್‌ವಿ4500. ಜಿಎಂ ಮತ್ತು ಕ್ರೈಸ್ಲರ್ ಸೇರಿ ಮಾಡಿದ ನ್ಯೂ ವೆಂಚರ್ ಗೇರ್ ಕಂಪನಿಯದು. 90ರ ದಶಕದ ಭಾರೀ ಪಿಕಪ್‌ಗಳಲ್ಲಿ ಬರುತ್ತಿತ್ತು. ಐದು ಗೇರ್, ಐದನೆಯದೇ ಓವರ್‌ಡ್ರೈವ್. ಇದೂ ಬೀಡು ಕಬ್ಬಿಣ, ತೂಕ 195 ಪೌಂಡ್ ಆಸುಪಾಸು. ಮುಂದಕ್ಕೆ ಹೋಗುವ ಎಲ್ಲ ಗೇರಿಗೂ ಸಿಂಕ್ರೊ ಇದೆ. ಇದರಲ್ಲೂ ಎರಡು ಬಗೆ. ಜಿಎಂ ಗಾಡಿಗಳ ಮೊದಮೊದಲಿನ ಪೆಟ್ಟಿಗೆಗಳಲ್ಲಿ ಮೊದಲನೇ ಗೇರ್ 6.34, ಆಮೇಲೆ ಬಂದವುಗಳಲ್ಲಿ 5.61. ಊರಲ್ಲಿ ಓಡಿಸುವವರಿಗೆ 5.61ರದ್ದೇ ಚೆಂದ, ಗೇರಿಂದ ಗೇರಿಗೆ ಜಿಗಿತ ಕಡಿಮೆ. ನನಗೆ 6.34 ಬೇಕಿತ್ತು. ಅದರಲ್ಲಿ ಗುಣಾಕಾರ 51 ಬರುತ್ತದೆ. ಹಳೆಯದಕ್ಕೂ ಇದಕ್ಕೂ ನನ್ನ ಕಾಲಿಗೆ ವ್ಯತ್ಯಾಸ ಗೊತ್ತಾಗದು.

ಮೊದಲು ನೋಡಲು ಹೋದ ಪೆಟ್ಟಿಗೆಯ ಕಥೆ ಹೇಳಬೇಕು. ಗುಜರಿ ಯಾರ್ಡಿನವನು, ನಾಲ್ಕು ಗೇರ್ ಫಸ್ಟ್ ಕ್ಲಾಸ್ ಅಂದ. ನಾಲ್ಕಾ? ಐದಲ್ವಾ? ಎನ್‌ವಿ4500ರಲ್ಲಿ ಐದನೇ ಗೇರ್ ಶಾಫ್ಟಿನ ಬಾಲದಲ್ಲಿ ಕೂತಿರುತ್ತದೆ, ಒಂದು ದೊಡ್ಡ ನಟ್ಟು ಅದನ್ನು ಹಿಡಿದಿರುತ್ತದೆ. ಭಾರ ಎಳೆಯುವ ಡೀಸೆಲ್ ಗಾಡಿಗಳಲ್ಲಿ ಆ ನಟ್ಟು ಸಡಿಲವಾಗಿ ಗೇರ್ ಹಿಂದಕ್ಕೆ ಜಾರುವುದು ಎಲ್ಲರಿಗೂ ಗೊತ್ತಿರುವ ರೋಗ. ನೆಲದ ಮೇಲಿದ್ದ ಪೆಟ್ಟಿಗೆಯನ್ನು ಒಂದೊಂದೇ ಗೇರಿಗೆ ಹಾಕಿ ಮುಂದಿನ ಶಾಫ್ಟ್ ಕೈಯಲ್ಲಿ ತಿರುಗಿಸಿದೆ. ನಾಲ್ಕರವರೆಗೆ ಹಿಂದಿನ ಶಾಫ್ಟ್ ತಿರುಗಿತು. ಐದಕ್ಕೆ ಹಾಕಿದರೆ ಸುಮ್ನೆ ಕೂತಿತ್ತು. ನನಗೆ ಬೇಕಾದದ್ದು ಅದೊಂದೇ ಗೇರು! ಕೈ ಒರೆಸಿಕೊಂಡು ಮನೆಗೆ ಬಂದೆ.

ಎರಡನೆಯದು ಗ್ರೀಲಿ ಕಡೆಯ ಒಬ್ಬ ರೈತರ ಹತ್ತಿರ ಸಿಕ್ಕಿತು. 1993ರ ಶೆವ್ರೊಲೆಯದು, ಫೋರ್ ವೀಲ್ ಡ್ರೈವಿನದೇ. ಇದನ್ನು ಒತ್ತಿ ಹೇಳುತ್ತೇನೆ. ಟೂ ವೀಲ್ ಡ್ರೈವಿನ ಎನ್‌ವಿ4500ರ ಬಾಲ ಬೇರೆ, ಒಳಗಿನ ಶಾಫ್ಟೇ ಬೇರೆ. ಅಗ್ಗ ಅಂತ ತಂದರೆ ಆಮೇಲೆ ಇಡೀ ಪೆಟ್ಟಿಗೆ ಬಿಚ್ಚಬೇಕು. 1,400 ಡಾಲರ್ ಕೊಟ್ಟೆ.

ಅದರ ಜೊತೆಗಿದ್ದ ಟ್ರಾನ್ಸ್‌ಫರ್ ಕೇಸ್ ಕೂಡ ಕೊಡ್ತೀನಿ ಅಂದರು ಆ ರೈತರು. ಬೇಡ ಅಂದೆ. ನನ್ನ ಗಾಡಿಯಲ್ಲಿ ಮುಂದಿನ ಚಕ್ರಗಳಿಗೆ ಹೋಗುವ ಶಾಫ್ಟ್ ಬಲಗಡೆ ಇದೆ. 1988ರಲ್ಲಿ ಬಂದ ಹೊಸ ಮಾದರಿಯಲ್ಲಿ ಅದನ್ನು ಎಡಗಡೆಗೆ ತಂದರು. ಹಾಗಾಗಿ ನನ್ನ ಹಳೇ ಎನ್‌ಪಿ205 ಅನ್ನೇ ಉಳಿಸಿಕೊಳ್ಳಬೇಕು. ಆದರೆ ನನ್ನ 205ರ ಬಾಯಲ್ಲಿ 10 ಸ್ಪ್ಲೈನ್ (ಶಾಫ್ಟುಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಹಲ್ಲುಗಳು), ಹೊಸ ಪೆಟ್ಟಿಗೆಯ ಬಾಲದಲ್ಲಿ 32. ಗಂಡು ಹೆಣ್ಣು ಎರಡೂ ಒಪ್ಪಿದರೂ ಜಾತಕ ಕೂಡಿಬರಲಿಲ್ಲ. ಇದಕ್ಕೆ ಅಡಾಪ್ಟರ್ ಕಿಟ್ ಸಿಗುತ್ತದೆ, ಮತ್ತು ಪೆಟ್ಟಿಗೆಗಿಂತ ಜಾಸ್ತಿ ಯೋಚನೆ ಬೇಡುವುದು ಇದೇ. ಮೊದಲು ನಿಮ್ಮ ಟ್ರಾನ್ಸ್‌ಫರ್ ಕೇಸಿನ ಸ್ಪ್ಲೈನ್ ಎಣಿಸಿ, ಆಮೇಲೆ ಗೇರ್‌ಬಾಕ್ಸ್ ಹುಡುಕಲು ಹೊರಡಿ. ನಾನು ತಿರುಗಾಮುರುಗಾ ಮಾಡಿದೆ.

ಜೋಡಿಸುವ ಕೆಲಸ ನಾಲ್ಕು ವಾರಾಂತ್ಯ ಹಿಡಿಯಿತು. ಹೊಸ ಪೆಟ್ಟಿಗೆ ಉದ್ದ ಜಾಸ್ತಿ, ಟ್ರಾನ್ಸ್‌ಫರ್ ಕೇಸ್ ಹಿಂದಕ್ಕೆ ಹೋಯಿತು. ಕೆಳಗೆ ಅದನ್ನು ಹೊರುವ ಅಡ್ಡಪಟ್ಟಿ, ಕ್ರಾಸ್‌ಮೆಂಬರ್, ಸರಿಸಿದೆವು. ಹಿಂದಿನ ಶಾಫ್ಟ್ ಗಿಡ್ಡ ಮಾಡಿಸಿ, ಮುಂದಿನದನ್ನು ಉದ್ದ ಮಾಡಿಸಿದೆ. ಕ್ಯಾಬಿನ್ ನೆಲದಲ್ಲಿ ಗೇರ್ ಕಡ್ಡಿಗೆ ಹೊಸ ತೂತು. ಸ್ಪೀಡೋಮೀಟರ್‌ಗೆ ಏನೂ ಮಾಡಬೇಕಾಗಲಿಲ್ಲ, ಅದರ ಕೇಬಲ್ 205ರ ಹಿಂಭಾಗದಿಂದ ಬರುತ್ತದೆ. ಆಯಿಲ್ ಮಾತ್ರ ಜಿಎಲ್-4 ದರ್ಜೆಯ ಸಿಂಥೆಟಿಕ್ಕೇ ಆಗಬೇಕು. ಶೆಲ್ಫಿನಲ್ಲಿ ಆಕ್ಸಲ್ ಹೌಸಿಂಗಿಗೆ ತಂದ ಜಿಎಲ್-5 ಇತ್ತು, ಕೈ ಅದರ ಕಡೆಗೇ ಹೋಗಿತ್ತು. ಹಿರಿಯರು ನೋಡಿ ತಡೆದರು. ಎಲ್ಲ ಸೇರಿ 3,900 ಡಾಲರ್. ಹೆಂಡತಿಯ ಅಂದಾಜು ಸರಿಯಾಗಿಯೇ ಇತ್ತು.

ಈಗ ಒಂಬತ್ತು ತಿಂಗಳಾಯಿತು. ಗ್ಯಾಲನ್ನಿಗೆ ಹನ್ನೆರಡೂವರೆ ಬರುತ್ತಿದೆ. ಹೈವೇಯಲ್ಲಿ ಮಾತಾಡಬಹುದು, ಹಾಡು ಕೇಳಬಹುದು. ಗಿರಣಿ ಸದ್ದು ಹೋದ ಮೇಲೆ ಎಡಬಾಗಿಲಿನ ರಬ್ಬರ್ ಹರಿದು ಗಾಳಿ ಸಿಳ್ಳೆ ಹಾಕುವುದು ಗೊತ್ತಾಗಿದೆ. ಪೂಡರ್ ಕಣಿವೆಯಲ್ಲಿ ಕ್ಯಾಮೆರಾನ್ ಪಾಸ್ ಕಡೆ ಹತ್ತುವಾಗ ಐದನೇ ಗೇರ್ ಮುಟ್ಟುವುದೇ ಇಲ್ಲ. ಆ ಪಾಸ್ 10,276 ಅಡಿ. ಅಷ್ಟು ಎತ್ತರದ ತೆಳು ಗಾಳಿಯಲ್ಲಿ ಕಾರ್ಬುರೇಟರಿನ ಇಂಜಿನ್ ಮೊದಲೇ ಏದುಸಿರು ಬಿಡುತ್ತಿರುತ್ತದೆ. ಸೌದೆ ತುಂಬಿದಾಗಲೂ ನಾಲ್ಕರಲ್ಲೇ ಇರುತ್ತೇನೆ. ನಾಲ್ಕನೇ ಗೇರ್ ನೇರ, ಶಕ್ತಿ ಸೀದಾ ಹಾದುಹೋಗುತ್ತದೆ. ಐದರಲ್ಲಾದರೆ ಪಕ್ಕದ ಶಾಫ್ಟಿಗೆ ಇಳಿದು ಬಾಲದ ಆ ಗೇರಿನ ಮೇಲೆ ಹತ್ತಿ ಬರಬೇಕು. ಆ ಯಾರ್ಡಿನಲ್ಲಿ ಸುಮ್ನೆ ಕೂತಿದ್ದ ಶಾಫ್ಟ್ ನನಗಿನ್ನೂ ನೆನಪಿದೆ.

ಹಳೇ ಎಸ್‌ಎಂ465 ಗ್ಯಾರೇಜಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗಿದೆ. ಏನೂ ಕೆಟ್ಟಿಲ್ಲ. 10 ಸ್ಪ್ಲೈನಿನದು. ಬೇಕಾದವರು ಬಂದು ಒಯ್ಯಬಹುದು, ದುಡ್ಡು ಬೇಡ. ಎತ್ತಲು ಇಬ್ಬರು ಬನ್ನಿ.