ರೋಮಿನ ಗೆಟ್ಟೋದಲ್ಲಿ ಅಮ್ಮನ ಊಟ

ರೋಮಿನಲ್ಲಿ ಅಮ್ಮನಿಗೆ ಊಟ ಮಾಡಿಸುವುದೇ ನನಗೆ ದೊಡ್ಡ ಚಿಂತೆಯಾಗಿತ್ತು. ಮಾಂಸ ಬೇಯಿಸಿದ ಪಾತ್ರೆಯಲ್ಲಿ ಮಾಡಿದ್ದನ್ನು ಅವರು ಮುಟ್ಟುವವರಲ್ಲ. 'ಇದರಲ್ಲಿ ಮಾಂಸವಿಲ್ಲ' ಎಂದು ಹೋಟೆಲಿನವರು ಎಷ್ಟು ಹೇಳಿದರೂ ನಂಬದೆ, ಹಣ್ಣು ಮತ್ತು ಬ್ರೆಡ್ಡಿನಲ್ಲಿಯೇ ದಿನ ಕಳೆಯುತ್ತಿದ್ದರು. ಕೊನೆಗೆ ಒಂದು ಮಾರ್ಚ್ ಸಂಜೆ, ನಗರದ ನಡುಭಾಗದಲ್ಲಿ ಟೈಬರ್ ನದಿಯ ಪಕ್ಕಕ್ಕಿರುವ ಗೆಟ್ಟೋಗೆ, ಅಂದರೆ ಹಳೆಯ ಯಹೂದಿ ಕೇರಿಗೆ, ಅವರನ್ನು ಕರೆದುಕೊಂಡು ಹೋದೆ. 1555ರಲ್ಲಿ ಪೋಪ್ ನಾಲ್ಕನೆಯ ಪಾಲ್ ಯಹೂದಿಗಳನ್ನು ಗೋಡೆಯೊಳಗೆ ಕೂಡಿಹಾಕಿದ್ದು ಇಲ್ಲಿಯೇ.

ನಾವು ಹೊಕ್ಕದ್ದು ಕೆಲವೇ ಮೇಜುಗಳ ಬೆಚ್ಚನೆಯ ಕೋಷರ್ ಹೋಟೆಲು. ಕೋಷರ್ ಎಂದರೆ ಯಹೂದಿಗಳ ಆಹಾರ ನಿಯಮಕ್ಕೆ ಒಪ್ಪುವುದು; ಆ ನಿಯಮದಂತೆ ಹಾಲು ಮತ್ತು ಮಾಂಸ ಒಂದೇ ಅಡುಗೆಮನೆಯಲ್ಲಿ ಬೆರೆಯಕೂಡದು. ಹಾಲಿನ ಪದಾರ್ಥ ಬಡಿಸುವ ಈ ಹೋಟೆಲಿನೊಳಗೆ ಮಾಂಸ ಬರುವಂತೆಯೇ ಇಲ್ಲ. ಮುಸುರೆ ಮುಟ್ಟಿದ ಕೈಯಲ್ಲಿ ಮೊಸರಿನ ಪಾತ್ರೆ ಮುಟ್ಟಬಾರದೆಂಬ ಮನೆಯಲ್ಲಿ ಬೆಳೆದ ಅಮ್ಮನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಆದರೆ ಆ ನಿಯಮದಲ್ಲಿ ಮೀನು ಮಾಂಸವಲ್ಲ, ಅದು ಇಲ್ಲಿರುತ್ತದೆ ಎಂದು ನಾನು ಹೇಳಿದಾಗ, "ಹಾಗಾದರೆ ಕರಿಯುವ ಎಣ್ಣೆ ಬೇರೆಯೋ, ಕೇಳು" ಎಂದರು. ಬಡಿಸುವಾಕೆ ಒಳಗೆ ಹೋಗಿ ವಿಚಾರಿಸಿಕೊಂಡು ಬಂದು, ಆರ್ಟಿಚೋಕ್ ಎಂಬ ಹೂಮೊಗ್ಗಿನ ತರಕಾರಿಗೆ ಪ್ರತ್ಯೇಕ ಬಾಣಲೆಯೇ ಇದೆಯೆಂದು ತಿಳಿಸಿದಳು. ಆ ಒಂದು ಪ್ರಶ್ನೆಯನ್ನು ಆಕೆ ಅಷ್ಟು ಗೌರವದಿಂದ ತೆಗೆದುಕೊಂಡದ್ದಕ್ಕೆ ನಾನು ಇಂದಿಗೂ ಋಣಿ.

ಪೆಕೊರಿನೊ ರೊಮಾನೊ ಚೀಸನ್ನು ಕುರಿಮರಿಯ ಹೊಟ್ಟೆಯಿಂದ ತೆಗೆದ, ಹಾಲು ಹೆಪ್ಪುಗಟ್ಟಿಸುವ ರೆನ್ನೆಟ್ಟಿನಿಂದ ಮಾಡುವ ಸಂಪ್ರದಾಯವಿರುವುದರಿಂದ, ಚೀಸು ಹಾಕುವ ಪಾಸ್ತಾ ಬಿಟ್ಟು ಬರಿಯ ಟೊಮೇಟೊ ಸಾಸಿನದನ್ನು ಹೇಳಿದೆವು. ಅದು ಚೆನ್ನಾಗಿಯೇ ಇತ್ತು. ಆದರೆ ಆ ರಾತ್ರಿಯ ನಿಜವಾದ ಊಟವೆಂದರೆ 'ಕಾರ್ಚೋಫಿ ಅಲ್ಲಾ ಜುದೀಯಾ', ಅಂದರೆ ಯಹೂದಿ ಶೈಲಿಯ ಆರ್ಟಿಚೋಕ್. ಮುಳ್ಳಿಲ್ಲದ ರೋಮನೆಸ್ಕೊ ತಳಿಯ ದಪ್ಪ ಮೊಗ್ಗಿನ ಹೊರಗಿನ ಗಟ್ಟಿ ಎಸಳುಗಳನ್ನು ಸಣ್ಣ ಚಾಕುವಿನಿಂದ ಸುತ್ತಲೂ ಹೆರೆದು, ಕಪ್ಪಾಗದಂತೆ ನಿಂಬೆರಸದ ನೀರಿನಲ್ಲಿಟ್ಟು, ಮೊದಲು ಹದವಾದ ಎಣ್ಣೆಯಲ್ಲಿ ಮೆತ್ತಗಾಗುವವರೆಗೆ ಬೇಯಿಸುತ್ತಾರೆ. ಆರಿದ ಮೇಲೆ ಎಸಳುಗಳನ್ನು ಕೈಯಿಂದ ಬಿಡಿಸಿ, ಇನ್ನೂ ಕಾದ ಎಣ್ಣೆಯಲ್ಲಿ ಎರಡನೆಯ ಬಾರಿ ಕರಿಯುತ್ತಾರೆ. ತಟ್ಟೆಗೆ ಬಂದಾಗ ಅದು ಪೂರ್ತಿ ಅರಳಿದ ಕಂದುಬಣ್ಣದ ಸೇವಂತಿಗೆಯಂತಿತ್ತು. ಅಂಚಿನ ಎಸಳು ಮುರಿದರೆ ಗರಿಗರಿ, ನಡುವಿನ ತಿರುಳು ಬೆಣ್ಣೆಯಷ್ಟು ಮೃದು. ಮೇಲೆ ಉಪ್ಪಿನ ಹೊರತು ಮತ್ತೇನೂ ಇಲ್ಲ. ಅಮ್ಮ ಒಂದೊಂದೇ ಎಸಳು ಕಿತ್ತು, ಮಾತಾಡದೆ ತಿಂದು ಮುಗಿಸಿ, "ಇನ್ನೊಂದು ಹೇಳು" ಎಂದರು.

ಸಸ್ಯಾಹಾರಿಗಳು ರೋಮಿಗೆ ಹೋಗುವುದಾದರೆ ಆರ್ಟಿಚೋಕಿನ ಹಂಗಾಮಾದ ಫೆಬ್ರುವರಿಯಿಂದ ಏಪ್ರಿಲಿನೊಳಗೆ ಹೋಗಬೇಕು. ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಕಾರಣ ಕೋಷರ್ ಹೋಟೆಲುಗಳು ಮುಚ್ಚಿರುತ್ತವೆ. ಉಳಿದ ದಿನಗಳಲ್ಲಿ ಒಂದು ರಾತ್ರಿಯನ್ನು ಗೆಟ್ಟೋಗೆಂದು ಮೀಸಲಿಡಿ.